ನನ್ನ --ಹೆಲ್ಪ್ ತಿಂದೋರು ಯಾರು? ಈ ತಿಂಗಳ ಲಿಸ್ಪ್ ಪ್ರಶ್ನೋತ್ತರ

ಈ ಸಲ ಬಂದಿರೋ ಪ್ರಶ್ನೆಗಳನ್ನ ಒಟ್ಟಿಗೆ ಇಟ್ಕೊಂಡು ನೋಡಿದ್ರೆ ಮುಕ್ಕಾಲು ಭಾಗ ಒಂದೇ ವಿಷಯದ್ದು. ಕಾಮನ್ ಲಿಸ್ಪ್‌ನಲ್ಲಿ ಪ್ರೋಗ್ರಾಂ ಬರೆದು, ಅದನ್ನ ಒಂದೇ ಫೈಲಿನ ಎಕ್ಸಿಕ್ಯೂಟಬಲ್ ಮಾಡಿದ್ಮೇಲೆ ಕಮಾಂಡ್ ಲೈನಲ್ಲಿ ಕೊಟ್ಟ ಆರ್ಗ್ಯುಮೆಂಟು (ಪ್ರೋಗ್ರಾಂ ಹೆಸರಾದ್ಮೇಲೆ ಹೊಡೆಯೋ ಮಾತುಗಳು) ಕೈಗೆ ಸಿಗ್ತಿಲ್ಲ, ಸಿಕ್ರೂ ಇನ್ನೇನೋ ಸಿಗ್ತಿದೆ ಅಂತ. ಸರಿ, ಈ ತಿಂಗಳು ಪೂರ್ತಿ ಇದೇ. ಹೆಚ್ಚಿನ ಪ್ರಶ್ನೆಗಳಲ್ಲಿ ಬರೋ ಎಸ್‌ಬಿಸಿಎಲ್ ಅಂದ್ರೆ ಕಾಮನ್ ಲಿಸ್ಪ್ ಕೋಡನ್ನ ಕಂಪೈಲ್ ಮಾಡಿ ಓಡಿಸೋ ಒಂದು ಸಾಫ್ಟ್‌ವೇರು. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಈ ಅಂಕಣದಲ್ಲಿ ಕೋಡನ್ನೂ ಕನ್ನಡ ಅಕ್ಷರದಲ್ಲೇ ಹಾಕ್ತೀವಿ, ನೀವು ಕಂಪ್ಯೂಟರಲ್ಲಿ ಹೊಡೆಯೋವಾಗ ಮಾಮೂಲಿ ಇಂಗ್ಲಿಷ್ ಸ್ಪೆಲಿಂಗೇ ಹೊಡೀಬೇಕು. ಹೋದ ಸಲ ಒಬ್ರು "ಡಿಫನ್ ಅಂತ ಕನ್ನಡದಲ್ಲಿ ಹೊಡೆದ್ರೆ ಎರರ್ ಬರ್ತಿದೆ ಸರ್" ಅಂತ ಬರೆದಿದ್ರು, ತಮಾಷೆಗೋ ನಿಜವಾಗ್ಲೋ ಇನ್ನೂ ಗೊತ್ತಾಗಿಲ್ಲ.

ಪ್ರಶ್ನೆ: ನಮಸ್ಕಾರ್ರೀ ಸರ್. ನಾ ಎಸ್‌ಬಿಸಿಎಲ್‌ನ್ಯಾಗ ಒಂದ್ ಸಣ್ಣ ಪ್ರೋಗ್ರಾಂ ಬರ್ದೀನ್ರಿ, ನಮ್ಮ ಅಂಗಡಿ ಸ್ಟಾಕ್ ಪಟ್ಟಿ ಓದಿ ಎಷ್ಟ್ ಮಾಲ್ ಉಳದೈತಿ ಅಂತ ಹೇಳ್ತೈತಿ. ಸೇವ್-ಲಿಸ್ಪ್-ಅಂಡ್-ಡೈ ಹಾಕಿ ಎಕ್ಸಿಕ್ಯೂಟಬಲ್ ಮಾಡೀನ್ರಿ. ಆದ್ರ ./ಸ್ಟಾಕ್ --ಹೆಲ್ಪ್ ಅಂತ ಕೊಟ್ರ ನಾ ಬರ್ದಿದ್ ಹೆಲ್ಪ್ ಬರೂದುಲ್ರಿ, ಎಸ್‌ಬಿಸಿಎಲ್‌ದ ಹೆಲ್ಪ್ ಬರ್ತೈತಿ. --ವರ್ಷನ್ ಕೊಟ್ರೂ ಅದರದ ವರ್ಷನ್. ವಿಚಿತ್ರ ಅಂದ್ರ, ಮೊದ್ಲ ಫೈಲ್ ಹೆಸ್ರು ಕೊಟ್ಟು ಆಮ್ಯಾಲ --ಹೆಲ್ಪ್ ಕೊಟ್ರ ನಂದ ಬರ್ತೈತ್ರಿ. ಇದೇನ್ ಆಟಾರೀ ಇದು? – ಹುಬ್ಬಳ್ಳಿಯ ಓದುಗರು

ಉತ್ತರ: ಆಟ ಅಲ್ರೀ, ನಿಮ್ಮ ಎಕ್ಸಿಕ್ಯೂಟಬಲ್ ಒಳಗೆ ಇಬ್ಬರು ಇದ್ದಾರೆ, ನೀವು ಒಬ್ರೇ ಇದ್ದೀರಿ ಅಂದ್ಕೊಂಡಿದ್ದೀರಿ, ಅಷ್ಟೇ. ಸೇವ್-ಲಿಸ್ಪ್-ಅಂಡ್-ಡೈ ಮಾಡೋದು ಏನು ಅಂದ್ರೆ, ಆ ಕ್ಷಣಕ್ಕೆ ಮೆಮೊರಿಯಲ್ಲಿ ಇರೋ ಇಡೀ ಲಿಸ್ಪ್ ಲೋಕವನ್ನ, ಅಂದ್ರೆ ಕಂಪೈಲರ್ ಸಮೇತ ಎಲ್ಲಾನೂ, ಫೈಲಿಗೆ ಸುರಿಯೋದು. ಎಕ್ಸಿಕ್ಯೂಟಬಲ್ ಟಿ ಅಂದ್ರೆ ಅದರ ಮುಂದೆ ಎಸ್‌ಬಿಸಿಎಲ್‌ನ ರನ್‌ಟೈಮನ್ನೂ ಸೇರಿಸು ಅಂತ, ಇದು ಸಿ ಭಾಷೆಯಲ್ಲಿ ಬರೆದಿರೋ ಚಿಕ್ಕ ಪ್ರೋಗ್ರಾಂ. ಹಾಗಾಗೇ "ಹಲೋ" ಅನ್ನೋ ಒಂದು ಸಾಲಿನ ಪ್ರೋಗ್ರಾಮೂ 30-40 ಎಂಬಿ ತೂಗೋದು. ನೀವು ./ಸ್ಟಾಕ್ ಅಂತ ಹೊಡೆದಾಗ ಮೊದ್ಲು ಎದ್ದೇಳೋದು ಈ ಸಿ ರನ್‌ಟೈಮು, ನಿಮ್ಮ ಪ್ರೋಗ್ರಾಂ ಶುರುವಾಗೋ ಮೇನ್ ಫಂಕ್ಷನ್ ಅಲ್ಲ.

ಕೂಡು ಕುಟುಂಬದಲ್ಲಿ ನಿಮ್ಮನ್ನ ಹುಡುಕ್ಕೊಂಡು ಬಂದ ಗೆಳೆಯನನ್ನ ಜಗಲಿಯಲ್ಲೇ ಕೂತಿರೋ ದೊಡ್ಡಪ್ಪ ತಡೆದು ಮಾತಾಡಿಸಿ, ಅವರ ಮಟ್ಟಕ್ಕೇ ಮುಗಿಯೋ ವಿಷಯ ಆದ್ರೆ ಅಲ್ಲಿಂದ್ಲೇ ವಾಪಸ್ ಕಳಿಸ್ತಾರಲ್ಲ, ಹಾಗೆ. ರನ್‌ಟೈಮು ಮೊದಲನೇ ಆರ್ಗ್ಯುಮೆಂಟಿಂದ ಓದ್ತಾ ಹೋಗುತ್ತೆ, ತನಗೆ ಗೊತ್ತಿರೋದು, ಅಂದ್ರೆ --ಹೆಲ್ಪ್, --ವರ್ಷನ್, --ಕೋರ್, --ನೋಇನ್‌ಫಾರ್ಮ್, --ಡೈನಾಮಿಕ್-ಸ್ಪೇಸ್-ಸೈಜ್ ಇಂಥದ್ದು, ಸಿಕ್ರೆ ತಾನೇ ಹಿಡ್ಕೊಳ್ಳುತ್ತೆ. ತನಗೆ ಗುರುತಿಲ್ಲದ್ದು ಮೊದಲು ಸಿಕ್ಕ ತಕ್ಷಣ "ಇಲ್ಲಿಂದಾಚೆಗೆ ನನ್ನದಲ್ಲ" ಅಂತ ನಿಲ್ಲಿಸಿಬಿಡುತ್ತೆ. ಈಗ ನಿಮ್ಮ ವಿಚಿತ್ರ ಬಿಡಿಸಿತಲ್ಲ? ಫೈಲ್ ಹೆಸರು ಮುಂದೆ ಇದ್ದಾಗ ದೊಡ್ಡಪ್ಪ ಅಲ್ಲೇ ಕೈ ಬಿಟ್ಟರು, ಹಿಂದೆ ಬಂದ --ಹೆಲ್ಪ್ ಸೀದಾ ನಿಮ್ಮ ಹತ್ರ ಬಂತು.

ಔಷಧಿ ಒಂದೇ ಸಾಲು:

(ಎಸ್‌ಬಿ-ಎಕ್ಸ್‌ಟಿ:ಸೇವ್-ಲಿಸ್ಪ್-ಅಂಡ್-ಡೈ "ಸ್ಟಾಕ್"
  :ಎಕ್ಸಿಕ್ಯೂಟಬಲ್ ಟಿ
  :ಟಾಪ್‌ಲೆವೆಲ್ #'ಮೇನ್
  :ಸೇವ್-ರನ್‌ಟೈಮ್-ಆಪ್ಷನ್ಸ್ ಟಿ)

ಕೊನೇ ಸಾಲು ಇದ್ರೆ ರನ್‌ಟೈಮು ಆರ್ಗ್ಯುಮೆಂಟನ್ನ ಮುಟ್ಟೋದೇ ಇಲ್ಲ, ಎಲ್ಲಾ ನಿಮಗೇ. ಆದ್ರೆ ಇದರ ಹೆಸರು ನೋಡಿ, "ಆಪ್ಷನ್ಸ್ ಸೇವ್ ಮಾಡು" ಅಂತ ಇದೆ, "ಆರ್ಗ್ಯುಮೆಂಟ್ ಬಿಟ್ಟುಕೊಡು" ಅಂತಲ್ಲ. ಇದರ ಅಸಲಿ ಕೆಲಸ, ಬಿಲ್ಡ್ ಮಾಡೋವಾಗ ಎಸ್‌ಬಿಸಿಎಲ್‌ಗೆ ಎಷ್ಟು ಹೀಪು, ಎಷ್ಟು ಸ್ಟ್ಯಾಕು (ಎರಡೂ ಪ್ರೋಗ್ರಾಂ ಬಳಸೋ ಮೆಮೊರಿ) ಕೊಟ್ಟಿದ್ರೋ ಅದನ್ನೇ ಎಕ್ಸಿಕ್ಯೂಟಬಲ್‌ಗೂ ಅಂಟಿಸೋದು. ಆಮೇಲೆ ./ಸ್ಟಾಕ್ --ಡೈನಾಮಿಕ್-ಸ್ಪೇಸ್-ಸೈಜ್ 4096 ಅಂತ ಕೊಟ್ರೆ ಹೀಪ್ ಜಾಸ್ತಿ ಆಗಲ್ಲ, ಅದೂ ನಿಮ್ಮ ಮೇನ್‌ಗೇ ಬಂದು ಬೀಳುತ್ತೆ. ದೊಡ್ಡ ಫೈಲು ಓದೋ ಪ್ರೋಗ್ರಾಂ ಆದ್ರೆ ಬಿಲ್ಡ್ ಹೊತ್ತಲ್ಲೇ ಎಸ್‌ಬಿಸಿಎಲ್‌ನ ದೊಡ್ಡ ಹೀಪಿನ ಜೊತೆ ಶುರು ಮಾಡಿ. --ಎಂಡ್-ರನ್‌ಟೈಮ್-ಆಪ್ಷನ್ಸ್ ಅಂತ ಇನ್ನೊಂದು ದಾರಿನೂ ಇದೆ, ಅದನ್ನ ಮುಂದೆ ಹಾಕಿದ್ರೆ ರನ್‌ಟೈಮು ಅಲ್ಲಿಗೇ ನಿಲ್ಲುತ್ತೆ, ಆದ್ರೆ ಹೆಲ್ಪ್ ನೋಡೋಕೆ ಅಂಗಡಿ ಹುಡುಗನ ಕೈಲಿ ಅಷ್ಟುದ್ದ ಟೈಪ್ ಮಾಡಿಸೋದು ಪಾಪ.

ಲಿಸ್ಪ್ ಪ್ರಾಜೆಕ್ಟ್ ಬಿಲ್ಡ್ ಮಾಡೋ ಸಾಧನವಾದ ಎಎಸ್‌ಡಿಎಫ್‌ನ ಪ್ರೋಗ್ರಾಂ-ಆಪ್ ಇಂದ ಬಿಲ್ಡ್ ಮಾಡೋರಿಗೆ ಈ ತಲೆನೋವೇ ಬರಲ್ಲ, ಅದು ಒಳಗೊಳಗೇ ಸೇವ್-ರನ್‌ಟೈಮ್-ಆಪ್ಷನ್ಸ್ ಹಾಕ್ಕೊಂಡುಬಿಡುತ್ತೆ. ಸಿಸ್ಟಂ ಡೆಫಿನಿಷನ್‌ನಲ್ಲಿ ಬಿಲ್ಡ್-ಆಪರೇಷನ್, ಬಿಲ್ಡ್-ಪಾತ್‌ನೇಮ್, ಎಂಟ್ರಿ-ಪಾಯಿಂಟ್ ಅಂತ ಮೂರು ಸಾಲು ಬರೆದು ಎಎಸ್‌ಡಿಎಫ್:ಮೇಕ್ ಅಂದ್ರೆ ಮುಗೀತು. ನಾನೀಗ ಮಾಡೋದು ಹೀಗೇ.

ಪ್ರಶ್ನೆ: ಸರ್, ನನ್ನ ಪ್ರೋಗ್ರಾಂ ಯಾವ ಆರ್ಗ್ಯುಮೆಂಟ್ ಕೊಟ್ರೂ ("--ಲೋಡ್" "ಬಿಲ್ಡ್.ಲಿಸ್ಪ್") ಅಂತಲೇ ಪ್ರಿಂಟ್ ಮಾಡುತ್ತೆ. ಕೋಡಲ್ಲಿ ಇರೋದು ಇಷ್ಟೇ: (ಡಿಫ್‌ಪ್ಯಾರಾಮೀಟರ್ *ಆರ್ಗ್ಸ್* (ಸಿಡಿಆರ್ ಎಸ್‌ಬಿ-ಎಕ್ಸ್‌ಟಿ:*ಪಾಸಿಕ್ಸ್-ಆರ್ಗ್‌ವಿ*)), ಮೇನ್‌ನಲ್ಲಿ ಅದನ್ನ ಪ್ರಿಂಟ್ ಮಾಡ್ತೀನಿ. ಭೂತ ಹೊಕ್ಕಿದ್ಯಾ? – ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಭೂತಾನೇ ಅಂದ್ಕೊಳ್ಳಮ್ಮ, ಭೂತಕಾಲ. ವೇರಿಯಬಲ್‌ಗೆ ಬೆಲೆ ತುಂಬೋ ಆ ಡಿಫ್‌ಪ್ಯಾರಾಮೀಟರ್ ಓಡಿದ್ದು ಫೈಲ್ ಲೋಡ್ ಆದಾಗ, ಅಂದ್ರೆ ನೀನು ಬಿಲ್ಡ್ ಮಾಡಿದ ದಿನ. ಆವತ್ತು ನೀನು ಎಸ್‌ಬಿಸಿಎಲ್‌ಗೆ ಕೊಟ್ಟಿದ್ದ ಆರ್ಗ್ಯುಮೆಂಟು --ಲೋಡ್ ಬಿಲ್ಡ್.ಲಿಸ್ಪ್. ಅದೇ ಲಿಸ್ಟು *ಆರ್ಗ್ಸ್*‌ನಲ್ಲಿ ಕೂತು, ಇಮೇಜ್ (ಮೇಲೆ ಹೇಳಿದ, ಫೈಲಿಗೆ ಸುರಿಯೋ ಲಿಸ್ಪ್ ಲೋಕ) ಜೊತೆ ಫೈಲಿಗೆ ಹೋಗಿ, ಈಗ ಪ್ರತಿ ಸಲ ಎದ್ದು ಬರ್ತಿದೆ, ಉಪ್ಪಿನಕಾಯಿ ಜಾಡಿ ಬಾಯಿ ಕಟ್ಟಿಟ್ಟ ಹಾಗೆ, ಆವತ್ತು ಒಳಗೆ ಹಾಕಿದ್ದೇ ಇವತ್ತು ಈಚೆ ಬರೋದು. *ಪಾಸಿಕ್ಸ್-ಆರ್ಗ್‌ವಿ*‌ಯನ್ನ ಎಸ್‌ಬಿಸಿಎಲ್ ಪ್ರತಿ ಸಲ ಶುರು ಆಗೋವಾಗ ಆಗಿನ ಆರ್ಗ್ಯುಮೆಂಟುಗಳಿಂದ ಹೊಸದಾಗಿ ತುಂಬುತ್ತೆ, ನಿನ್ನ *ಆರ್ಗ್ಸ್*‌ಗೂ ಅದಕ್ಕೂ ಈಗ ಸಂಬಂಧ ಇಲ್ಲ. ಆ ಸಿಡಿಆರ್ (ಲಿಸ್ಟಲ್ಲಿ ಮೊದಲನೇದು ಬಿಟ್ಟು ಉಳಿದಿದ್ದು ಕೊಡೋದು) ಸಾಲನ್ನ ಮೇನ್ ಒಳಗೆ ಒಂದು ಲೆಟ್‌ನಲ್ಲಿ ಹಾಕು, ಸರಿಹೋಗುತ್ತೆ.

ನಗಬೇಡ, ಇದೇ ತಪ್ಪು ನಾನೂ ಮಾಡಿದ್ದೀನಿ, ಇನ್ನೂ ಮಜವಾಗಿ. ದಿನದ ರಿಪೋರ್ಟ್ ತೆಗೆಯೋ ಒಂದು ಪ್ರೋಗ್ರಾಂ ಬರೆದು, "ತಾರೀಖು ಕೊಡದಿದ್ರೆ ಇವತ್ತಿಂದು" ಅಂತ ಒಂದು ಡಿಫ್‌ಪ್ಯಾರಾಮೀಟರ್‌ನಲ್ಲಿ ಇವತ್ತಿನ ತಾರೀಖು ಇಟ್ಟಿದ್ದೆ. ಬಿಲ್ಡ್ ಮಾಡಿದ ದಿನ ಟೆಸ್ಟ್ ಮಾಡ್ದೆ, ಸರಿಯಾಗೇ ಇತ್ತು, ಸಹಜ ತಾನೆ, ಆವತ್ತು ಅದೇ ಇವತ್ತು. ವಾರ ಕಳೆದ್ರೂ ಅದೇ ಸೋಮವಾರದ ರಿಪೋರ್ಟ್ ಬರ್ತಿತ್ತು, ಯಾರೂ ಗಮನಿಸಿರ್ಲಿಲ್ಲ, ಅದಕ್ಕೇ ಜಾಸ್ತಿ ಬೇಜಾರಾಯ್ತು. ಅದೇ ಪ್ರೋಗ್ರಾಂ ಸ್ನೇಹಿತನ ಮಷೀನಲ್ಲಿ ಓಡಿಸಿದ್ರೆ ಸೆಟಿಂಗ್ಸ್ ಫೈಲನ್ನ ನನ್ನ ಹೋಮ್ ಡೈರೆಕ್ಟರಿಯಲ್ಲಿ ಹುಡುಕ್ತಿತ್ತು, ಅವನ ಮಷೀನಲ್ಲಿ ನನ್ನ ಹೆಸರಿನ ಯೂಸರೇ ಇಲ್ಲ! ತಾರೀಖು, ಹೋಮ್ ಡೈರೆಕ್ಟರಿ, ಎನ್ವಿರಾನ್‌ಮೆಂಟ್ ವೇರಿಯಬಲ್ಲು, ಆರ್ಗ್ಯುಮೆಂಟು, ಇವೆಲ್ಲಾ ಓಡೋ ಹೊತ್ತಿನ ಸರಕು, ಟಾಪ್ ಲೆವೆಲಲ್ಲಿ ಹಿಡಿದಿಟ್ರೆ ಹಳಸುತ್ತೆ.

ಪ್ರಶ್ನೆ: ಡೆವಲಪ್ ಮಾಡೋವಾಗ ಎಸ್‌ಬಿಸಿಎಲ್ --ಸ್ಕ್ರಿಪ್ಟ್ ಅಂತ ಓಡಿಸ್ತೀನಿ, ಕೊನೆಗೆ ಎಕ್ಸಿಕ್ಯೂಟಬಲ್ ಮಾಡ್ತೀನಿ. ಒಂದರಲ್ಲಿ ಆರ್ಗ್ಯುಮೆಂಟ್ ಸರಿ ಸಿಕ್ಕಿದ್ರೆ ಇನ್ನೊಂದರಲ್ಲಿ ತಪ್ಪುತ್ತೆ. – ಶಿವಮೊಗ್ಗದ ಓದುಗರು

ಉತ್ತರ: ಸ್ಕ್ರಿಪ್ಟ್ ರೀತಿಯಲ್ಲಿ ಓಡಿಸಿದ್ರೆ ಲಿಸ್ಟು ("ಎಸ್‌ಬಿಸಿಎಲ್" "--ಸ್ಕ್ರಿಪ್ಟ್" "ಸ್ಟಾಕ್.ಲಿಸ್ಪ್" "ಜನವರಿ") ಅಂತ ಇರುತ್ತೆ, ನಿಮ್ಮದು ನಾಲ್ಕನೇದು. ಎಕ್ಸಿಕ್ಯೂಟಬಲ್ ಆದ್ರೆ ("./ಸ್ಟಾಕ್" "ಜನವರಿ"), ನಿಮ್ಮದು ಎರಡನೇದು. ಎಣಿಸ್ಕೊಂಡು ಕೂರೋ ಬದಲು ಅಸಲಿ ಕೆಲಸವನ್ನ ಆರ್ಗ್ಯುಮೆಂಟ್ ಲಿಸ್ಟ್ ತಗೊಳ್ಳೋ ಒಂದು ಫಂಕ್ಷನ್ ಮಾಡಿ, (ಕೆಲಸ '("ಜನವರಿ")) ಅಂತ ಆರ್‌ಇಪಿಎಲ್‌ನಿಂದ್ಲೇ (ಲಿಸ್ಪ್ ಪ್ರಾಂಪ್ಟಿಂದ್ಲೇ) ಕರೆದು ಟೆಸ್ಟ್ ಮಾಡಿ. ಮೇನ್ ಬರೀ ಲಿಸ್ಟ್ ಹೊತ್ತು ತಂದು ಕೊಡೋ ಕೂಲಿ ಆಗಿರ್ಲಿ. ಎಕ್ಸಿಕ್ಯೂಟಬಲ್ ಮಾಡಿಕೊಡೋ ಸಾಧನಗಳಾದ ಬಿಲ್ಡ್‌ಆ್ಯಪ್, ರಾಸ್ವೆಲ್ ಎರಡೂ ಈ ದಾರಿನೇ ಹಿಡಿದಿರೋದು, ಬಿಲ್ಡ್‌ಆ್ಯಪ್ ನಿಮ್ಮ ಮೇನ್‌ಗೆ ಇಡೀ ಲಿಸ್ಟನ್ನ ಒಂದೇ ಆರ್ಗ್ಯುಮೆಂಟಾಗಿ ಕೊಡುತ್ತೆ, ರಾಸ್ವೆಲ್ &ರೆಸ್ಟ್ ಆಗಿ ಬಿಡಿ ಬಿಡಿಯಾಗಿ ಕೊಡುತ್ತೆ.

ಪ್ರಶ್ನೆ: ಇಷ್ಟು ಹಳೇ ಭಾಷೆ, ಆರ್ಗ್ಯುಮೆಂಟ್ ಓದೋಕೆ ಸ್ಟ್ಯಾಂಡರ್ಡ್ ಆಗಿ ಒಂದು ವೇರಿಯಬಲ್ ಇಲ್ವಾ? ಸಿ ಭಾಷೇಲಿ ಎಷ್ಟು ಸಲೀಸು. – ಬೆಂಗಳೂರಿನ ಓದುಗರು

ಉತ್ತರ: ಇಲ್ಲ ಸ್ವಾಮಿ. ಕಾಮನ್ ಲಿಸ್ಪ್‌ನ ಆನ್ಸಿ ಸ್ಟ್ಯಾಂಡರ್ಡ್ 1994ರದ್ದು, ಅದರಲ್ಲಿ ಕಮಾಂಡ್ ಲೈನ್ ಅನ್ನೋ ಮಾತೂ ಇಲ್ಲ, ಪ್ರೋಗ್ರಾಂ ಮುಗಿಸಿ ಹೊರಗೆ ಹೋಗೋಕೆ ಒಂದು ಎಕ್ಸಿಟ್ ಕೂಡ ಇಲ್ಲ. ಮರೆತು ಬಿಟ್ಟಿದ್ದಲ್ಲ. ಈ ಭಾಷೆ ರೂಪುಗೊಂಡಿದ್ದು 1980ರ ದಶಕದಲ್ಲಿ, ಆಗ ಅದನ್ನ ರೂಪಿಸಿದವರಲ್ಲಿ ಲಿಸ್ಪ್ ಮಷೀನ್‌ನವರೂ ಇದ್ರು. ಆ ಮಷೀನಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಲಿಸ್ಪು, ಹೊರಗಡೆ ಅಂತ ಒಂದು ಜಾಗವೇ ಇಲ್ಲ, ಶೆಲ್ಲಿಂದ ಪ್ರೋಗ್ರಾಂ ಕರೆದು ವಾಪಸ್ ಹೋಗೋ ಯೂನಿಕ್ಸ್ ಪದ್ಧತಿ ಅಲ್ಲಿ ಹೊಂದೋದೇ ಇಲ್ಲ. ಹಾಗಾಗಿ ಎಸ್‌ಬಿಸಿಎಲ್ ಥರದ ಪ್ರತಿ ಇಂಪ್ಲಿಮೆಂಟೇಷನ್ನೂ ತನ್ನ ತನ್ನ ಹೆಸರಿಟ್ಟುಕೊಂಡಿತು: ಎಸ್‌ಬಿಸಿಎಲ್‌ಗೆ *ಪಾಸಿಕ್ಸ್-ಆರ್ಗ್‌ವಿ*, ಸಿಲಿಸ್ಪ್‌ಗೆ ಎಕ್ಸ್‌ಟಿ:*ಆರ್ಗ್ಸ್*, ಸಿಸಿಎಲ್‌ಗೆ *ಕಮಾಂಡ್-ಲೈನ್-ಆರ್ಗ್ಯುಮೆಂಟ್-ಲಿಸ್ಟ್*, ಇಸಿಎಲ್‌ಗೆ ಕಮಾಂಡ್-ಆರ್ಗ್ಸ್ ಅನ್ನೋ ಫಂಕ್ಷನ್, ಲಿಸ್ಪ್‌ವರ್ಕ್ಸ್‌ಗೆ *ಲೈನ್-ಆರ್ಗ್ಯುಮೆಂಟ್ಸ್-ಲಿಸ್ಟ್*. ಒಂದರಲ್ಲಿ ಪ್ರೋಗ್ರಾಂ ಹೆಸರು ಮೊದಲಿಗೆ ಬರುತ್ತೆ, ಸಿಲಿಸ್ಪ್‌ನಲ್ಲಿ ಬರಲ್ಲ. ದೊಡ್ಡಪ್ಪನ ಕಾಟ ಸಿಲಿಸ್ಪ್‌ನಲ್ಲೂ ಇದೆ, ಅಲ್ಲಿ ಸೇವ್‌ಇನಿಟ್‌ಮೆಮ್‌ಗೆ ಎಕ್ಸಿಕ್ಯೂಟಬಲ್ ಟಿ ಬದಲು ಎಕ್ಸಿಕ್ಯೂಟಬಲ್ 0 ಕೊಡಬೇಕು, ಸೊನ್ನೆ ಕೊಟ್ರೆ ಅವರು ಸುಮ್ಮನಾಗ್ತಾರೆ.

ಇದೆಲ್ಲಾ ನೆನಪಿಡೋದು ಬೇಡ ಅಂದ್ರೆ ಯುಐಒಪಿ:ಕಮಾಂಡ್-ಲೈನ್-ಆರ್ಗ್ಯುಮೆಂಟ್ಸ್ ಕರೀರಿ, ಮೇಲಿನ ಎಲ್ಲದಕ್ಕೂ ಒಂದೇ ಹೆಸರು. ಯುಐಒಪಿ ಅನ್ನೋ ಈ ಲೈಬ್ರರಿ ಎಎಸ್‌ಡಿಎಫ್ ಜೊತೆಗೇ ಬರುತ್ತೆ, ಬೇರೆ ತಂದು ಹಾಕೋದಿಲ್ಲ.

ಅಂದ ಹಾಗೆ ಎಸ್‌ಬಿಸಿಎಲ್ ಅಂದ್ರೆ ಸ್ಟೀಲ್ ಬ್ಯಾಂಕ್ ಕಾಮನ್ ಲಿಸ್ಪ್. 1999ರಲ್ಲಿ ಸಿಎಂಯುಸಿಎಲ್ ಅನ್ನೋ ಇನ್ನೊಂದು ಕಾಮನ್ ಲಿಸ್ಪ್‌ನಿಂದ ಪಾಲಾಗಿ ಹೊರಬಂತು. ಸಿಎಂಯು ಅಂದ್ರೆ ಕಾರ್ನೆಗಿ ಮೆಲನ್ ಯೂನಿವರ್ಸಿಟಿ, ಕಾರ್ನೆಗಿ ದುಡ್ಡು ಮಾಡಿದ್ದು ಸ್ಟೀಲಲ್ಲಿ, ಮೆಲನ್ ಬ್ಯಾಂಕಲ್ಲಿ. ಮನೆ ಬಿಟ್ಟು ಬಂದ್ರೂ ಅಜ್ಜಂದಿರ ಕಸುಬು ಬಿಡ್ಲಿಲ್ಲ ನೋಡಿ.

ಪ್ರಶ್ನೆ: ನಮ್ಮೂರ ವಾಚನಾಲಯದ ಪುಸ್ತಕ ಪಟ್ಟಿಗಳನ್ನ ಕನ್ನಡ ಹೆಸರಿನ ಫೈಲುಗಳಲ್ಲಿ ಇಟ್ಟಿದ್ದೀನಿ. ಟರ್ಮಿನಲ್‌ನಿಂದ ಓಡಿಸಿದ್ರೆ ಪ್ರೋಗ್ರಾಂ ಓದುತ್ತೆ, ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕಮಾಂಡ್ ಓಡಿಸೋದು) ಓಡಿದ್ರೆ ಹೆಸರು ಕಲಸುಮೇಲೋಗರ ಆಗಿ ಲಾಗ್‌ನಲ್ಲಿ ಬರುತ್ತೆ. ಅದಲ್ದೆ ಪಟ್ಟಿ[1] ಅಂತ ಹೆಸರಿರೋ ಫೈಲು ಎರಡೂ ಕಡೆ ಎರರ್ ಕೊಡುತ್ತೆ. – ಶಿರಸಿ ಕಡೆಯ ಓದುಗರು

ಉತ್ತರ: ಇಲ್ಲಿರೋದು ಎರಡು ಬೇರೆ ಬೇರೆ ರೋಗ. ಮೊದಲನೇದು ಎನ್‌ಕೋಡಿಂಗು. ಆಪರೇಟಿಂಗ್ ಸಿಸ್ಟಂ ಕೊಡೋದು ಬೈಟುಗಳನ್ನ, ಅದನ್ನ ಅಕ್ಷರ ಮಾಡೋದು ಲಿಸ್ಪು, ಯಾವ ಲೆಕ್ಕದಲ್ಲಿ ಅಂತ ಲೊಕೇಲ್ (ಭಾಷೆ, ಅಕ್ಷರದ ಸಿಸ್ಟಂ ಸೆಟಿಂಗು) ನೋಡಿ ತೀರ್ಮಾನ ಮಾಡುತ್ತೆ. ನಿಮ್ಮ ಟರ್ಮಿನಲ್‌ನಲ್ಲಿ ಲೊಕೇಲ್ ಯುಟಿಎಫ್-8 ಇರುತ್ತೆ, ಕ್ರಾನ್‌ನಲ್ಲಿ ಎಷ್ಟೋ ಸಲ ಏನೂ ಇರಲ್ಲ, ಹಳೇ ಎಸ್‌ಬಿಸಿಎಲ್ ಆಗ ಲ್ಯಾಟಿನ್-1 ಅಂದ್ಕೊಂಡು ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಮಾಡಿಬಿಡುತ್ತೆ. ಪರೀಕ್ಷೆ ಮಾಡೋದು ಸುಲಭ, "ಕನ್ನಡ" ಅಂತ ಆರ್ಗ್ಯುಮೆಂಟ್ ಕೊಟ್ಟು ಮೇನ್‌ನಲ್ಲಿ ಅದರ ಲೆಂಗ್ತ್ ಪ್ರಿಂಟ್ ಮಾಡಿ. ಕಣ್ಣಿಗೆ ಮೂರಕ್ಷರ, ಆದ್ರೆ ಯೂನಿಕೋಡಲ್ಲಿ ಕ, ನ, ಹಲಂತ ಚಿಹ್ನೆ (್), ನ, ಡ ಅಂತ 5. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟು. 5 ಬಂದ್ರೆ ಆರೋಗ್ಯ, 15 ಬಂದ್ರೆ ಇದೇ ರೋಗ. ಕ್ರಾನ್‌ಟ್ಯಾಬ್ ಫೈಲಿನ ತಲೆಯಲ್ಲಿ ಎಲ್‌ಸಿ_ಆಲ್ ಅನ್ನ ಸಿ.ಯುಟಿಎಫ್-8 ಅಂತ ಇಡಿ. ಮೇನ್ ಒಳಗೆ ಎನ್‌ಕೋಡಿಂಗ್ ಬದಲಾಯಿಸೋಕೆ ಹೋಗ್ಬೇಡಿ, ನಿಮ್ಮ ಮೇನ್ ಕಣ್ಣು ಬಿಡೋ ಹೊತ್ತಿಗೆ ಆರ್ಗ್ಯುಮೆಂಟುಗಳು ಆಗ್ಲೇ ಅಕ್ಷರ ಆಗಿ ಮುಗಿದಿರುತ್ತೆ.

ಎರಡನೇದು ಆ ಚೌಕ ಕಂಸದ್ದು. ಲಿಸ್ಪ್‌ಗೆ ಸ್ಟ್ರಿಂಗ್ ಒಂದನ್ನ ಫೈಲ್ ಹೆಸರು ಅಂತ ಕೊಟ್ರೆ ಅದನ್ನ ಪಾತ್‌ನೇಮ್ ಮಾಡ್ಕೊಳ್ಳುತ್ತೆ, ಆ ವ್ಯಾಕರಣದಲ್ಲಿ ನಕ್ಷತ್ರ, ಪ್ರಶ್ನೆ ಚಿಹ್ನೆ, ಚೌಕ ಕಂಸ ಎಲ್ಲಾ ವೈಲ್ಡ್‌ಕಾರ್ಡು. ಪಟ್ಟಿ[1] ಅಂದ್ರೆ ಒಂದು ಫೈಲಲ್ಲ, ಒಂದು ಪ್ಯಾಟರ್ನ್, ಪ್ಯಾಟರ್ನನ್ನ ಓಪನ್ ಮಾಡೋಕೆ ಆಗಲ್ಲ ಅಂತ ಎರರ್. ಕಮಾಂಡ್ ಲೈನಿಂದ ಬಂದ ಹೆಸರನ್ನ ಹಸಿ ಸ್ಟ್ರಿಂಗಾಗಿ ಓಪನ್‌ಗೆ ಯಾವತ್ತೂ ಕೊಡ್ಬೇಡಿ, ಯುಐಒಪಿ:ಪಾರ್ಸ್-ನೇಟಿವ್-ನೇಮ್‌ಸ್ಟ್ರಿಂಗ್ ಮೂಲಕ ದಾಟಿಸಿ ಕೊಡಿ, ಆಗ ಕಂಸ ಬರೀ ಕಂಸ.

ಪ್ರಶ್ನೆ: ನನ್ನ ಲಿಸ್ಪ್ ಪ್ರೋಗ್ರಾಂ ತಪ್ಪು ಆರ್ಗ್ಯುಮೆಂಟ್ ಕೊಟ್ರೆ "ಫೈಲ್ ಇಲ್ಲ" ಅಂತ ಬರೆದು ನಿಲ್ಲುತ್ತೆ, ಆದ್ರೂ ಶೆಲ್‌ನಲ್ಲಿ && ಆದ್ಮೇಲೆ ಇರೋ ಕಮಾಂಡ್ ಓಡಿಬಿಡುತ್ತೆ. ಇನ್ನೊಮ್ಮೊಮ್ಮೆ ಡಿಬಗರ್ ತೆರ್ಕೊಂಡು ಕೂರುತ್ತೆ. – ದಾವಣಗೆರೆಯ ಓದುಗರು

ಉತ್ತರ: ಟಾಪ್‌ಲೆವೆಲ್ ಫಂಕ್ಷನ್ ಸುಮ್ಮನೆ ಮುಗಿದ್ರೆ ಎಸ್‌ಬಿಸಿಎಲ್ ಅದನ್ನ ಕೋಡ್ 0, ಅಂದ್ರೆ ಎಲ್ಲಾ ಸುಖ ಅಂತ ತಿಳ್ಕೊಳ್ಳುತ್ತೆ. ನೀವು ಪರದೆ ಮೇಲೆ ಅತ್ತಿದ್ದು ಶೆಲ್‌ಗೆ ಕೇಳಲ್ಲ, ಅದು ನೋಡೋದು ನಂಬರ್ ಮಾತ್ರ. ನಾನು ಪ್ರತಿ ಪ್ರೋಗ್ರಾಮಲ್ಲೂ ಕಣ್ಣು ಮುಚ್ಕೊಂಡು ಹಾಕೋ ಮೇನ್ ಇದು:

(ಡಿಫನ್ ಮೇನ್ ()
  (ಹ್ಯಾಂಡ್ಲರ್-ಕೇಸ್
      (ಕೆಲಸ (ಯುಐಒಪಿ:ಕಮಾಂಡ್-ಲೈನ್-ಆರ್ಗ್ಯುಮೆಂಟ್ಸ್))
    (ಎಸ್‌ಬಿ-ಸಿಸ್:ಇಂಟರಾಕ್ಟಿವ್-ಇಂಟರಪ್ಟ್ ()
      (ಯುಐಒಪಿ:ಕ್ವಿಟ್ 130))
    (ಎರರ್ (ಇ)
      (ಫಾರ್ಮ್ಯಾಟ್ *ಎರರ್-ಔಟ್‌ಪುಟ್* "~&ತಪ್ಪಾಯ್ತು: ~ಎ~%" ಇ)
      (ಯುಐಒಪಿ:ಕ್ವಿಟ್ 1)))
  (ಯುಐಒಪಿ:ಕ್ವಿಟ್ 0))

ಮಧ್ಯದಲ್ಲಿರೋದು ಕಂಟ್ರೋಲ್-ಸಿ ಒತ್ತಿದವರಿಗೆ, ಅದು ಎರರ್ ಜಾತಿಗೆ ಸೇರಲ್ಲ, ಬೇರೆಯಾಗೇ ಹಿಡೀಬೇಕು, ಇಲ್ದಿದ್ರೆ ಪ್ರೋಗ್ರಾಂ ನಿಲ್ಲಿಸೋಕೆ ಹೋದ ಪಾಪದವರಿಗೆ ಲಿಸ್ಪ್ ಡಿಬಗರ್ ದರ್ಶನ ಆಗುತ್ತೆ. ಎರಡೂ ಬಲೆಯಿಂದ ತಪ್ಪಿಸ್ಕೊಂಡಿದ್ದಕ್ಕೆ ಬಿಲ್ಡ್ ಮಾಡೋ ಮುಂಚೆ (ಎಸ್‌ಬಿ-ಎಕ್ಸ್‌ಟಿ:ಡಿಸೇಬಲ್-ಡಿಬಗರ್) ಒಂದು ಸಲ ಕರೆದಿಡಿ.

ಪ್ರಶ್ನೆ: ಆಪ್ಷನ್ ಪಾರ್ಸ್ ಮಾಡೋಕೆ ಯಾವ ಲೈಬ್ರರಿ ಒಳ್ಳೇದು? ಸದ್ಯಕ್ಕೆ ನಾನೇ ಬರ್ಕೊಂಡಿದ್ದೀನಿ, ನಂಬರ್‌ಗೆ ರೀಡ್-ಫ್ರಂ-ಸ್ಟ್ರಿಂಗ್ ಬಳಸ್ತೀನಿ. – ಮಂಗಳೂರಿನ ಓದುಗರು

ಉತ್ತರ: ಲೈಬ್ರರಿ ಆಮೇಲೆ, ಮೊದ್ಲು ಆ ರೀಡ್-ಫ್ರಂ-ಸ್ಟ್ರಿಂಗ್ ತೆಗೀರಿ ಮಾರಾಯ್ರೇ! ಅದು ನಂಬರ್ ಓದೋದಲ್ಲ, ಲಿಸ್ಪ್ ಓದೋದು. ಯಾರಾದ್ರೂ 25 ಅನ್ನೋ ಜಾಗದಲ್ಲಿ #. ಅಂತ ಶುರು ಮಾಡಿ ಒಂದು ಎಕ್ಸ್‌ಪ್ರೆಷನ್ ಕೊಟ್ರೆ, ಓದೋವಾಗಲೇ ಅದು ಓಡಿಬಿಡುತ್ತೆ, ಫೈಲ್ ಅಳಿಸೋ ಕೋಡ್ ಇದ್ರೆ ಫೈಲೂ ಹೋಯ್ತು. ನಿಮ್ಮ ಎಕ್ಸಿಕ್ಯೂಟಬಲ್‌ನಲ್ಲಿ ಇಡೀ ಕಂಪೈಲರ್ ಕೂತಿದೆ ಅಂತ ಮೇಲೆ ಹೇಳಿದ್ನಲ್ಲ, ಅದರ ಇನ್ನೊಂದು ಮುಖ ಇದು. ಪಾರ್ಸ್-ಇಂಟಿಜರ್ ಬಳಸಿ, "12ಎಬಿ" ಅಂತ ಕೊಟ್ರೆ ಎರರ್ ಎತ್ತುತ್ತೆ, ಮೇಲಿನ ಹ್ಯಾಂಡ್ಲರ್ ಹಿಡ್ಕೊಳ್ಳುತ್ತೆ.

ಲೈಬ್ರರಿಗೆ ಬಂದ್ರೆ, ನಾಲ್ಕೈದು ಆಪ್ಷನ್ ಇರೋ ಪ್ರೋಗ್ರಾಮಿಗೆ ಯೂನಿಕ್ಸ್-ಆಪ್ಟ್ಸ್ ಸಾಕು. ಡಿಫೈನ್-ಆಪ್ಟ್ಸ್‌ನಲ್ಲಿ ಪ್ರತಿ ಆಪ್ಷನ್‌ಗೆ ಹೆಸರು, ಗಿಡ್ಡ ರೂಪ, ಉದ್ದ ರೂಪ, ವಿವರಣೆ ಬರೀತೀರಿ, ಬೇಕಾದ್ರೆ ಪಾರ್ಸ್-ಇಂಟಿಜರನ್ನೇ ಆರ್ಗ್-ಪಾರ್ಸರ್ ಅಂತ ಸಿಗಿಸ್ತೀರಿ, ಗೆಟ್-ಆಪ್ಟ್ಸ್ ಕರೆದ್ರೆ ಎರಡು ವ್ಯಾಲ್ಯೂ ಬರುತ್ತೆ, ಒಂದು ಆಪ್ಷನ್‌ಗಳ ಪಿಲಿಸ್ಟು (ಹೆಸರು, ಬೆಲೆ ಜೋಡಿ ಜೋಡಿಯಾಗಿರೋ ಲಿಸ್ಟು), ಇನ್ನೊಂದು ಆಪ್ಷನ್ ಅಲ್ಲದ ಉಳಿದಿದ್ದು. ಗುರುತಿಲ್ಲದ ಆಪ್ಷನ್ ಬಂದ್ರೆ ಅದು ಕಂಡಿಷನ್ ಸಿಗ್ನಲ್ ಮಾಡುತ್ತೆ, ಅಂದ್ರೆ ಬಿಟ್ಟು ಮುಂದೆ ಹೋಗೋದಾ ನಿಲ್ಲಿಸೋದಾ ಅಂತ ನೀವೇ ತೀರ್ಮಾನಿಸಬಹುದು, ಲಿಸ್ಪ್ ರುಚಿ ಇರೋದೇ ಇಲ್ಲಿ. ಗಿಟ್ ಥರ ಸ್ಟಾಕ್ ಸೇರಿಸು, ಸ್ಟಾಕ್ ತೆಗಿ ಅಂತ ಸಬ್‌ಕಮಾಂಡ್ ಬೇಕು ಅಂದ್ರೆ ಕ್ಲಿಂಗನ್ ತಗೊಳ್ಳಿ, ಬರೆಯೋದು ಜಾಸ್ತಿ, ಆದ್ರೆ ಹೆಲ್ಪ್ ತಾನೇ ಕಟ್ಟುತ್ತೆ, ಬ್ಯಾಷ್‌ಗೆ ಟ್ಯಾಬ್ ಕಂಪ್ಲೀಷನ್ನೂ ಮಾಡಿಕೊಡುತ್ತೆ, ಆಪ್ಷನ್ ಕೊಡದಿದ್ರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ತಗೊಳ್ಳೋ ಏರ್ಪಾಡೂ ಇದೆ. ಎರಡೂ ಲಿಸ್ಪ್ ಲೈಬ್ರರಿ ತರಿಸಿಕೊಡೋ ಕ್ವಿಕ್‌ಲಿಸ್ಪ್‌ನಲ್ಲಿ ಸಿಗುತ್ತೆ. ಒಂದೇ ಒಂದು ಫೈಲ್ ಹೆಸರು ತಗೊಳ್ಳೋ ಪ್ರೋಗ್ರಾಮಿಗೆ ಮಾತ್ರ ಎರಡೂ ಬೇಡ, ಲಿಸ್ಟಿನ ಮೊದಲನೇದನ್ನ ಕೊಡೋ ಫಸ್ಟ್ ಫಂಕ್ಷನ್ ಸಾಕು.

ಪ್ರಶ್ನೆ: ಎಮ್ಯಾಕ್ಸ್‌ನಲ್ಲಿ ಸ್ಲೈಮ್ ಒಳಗಿಂದ ಸೇವ್-ಲಿಸ್ಪ್-ಅಂಡ್-ಡೈ ಕರೆದ್ರೆ ಥ್ರೆಡ್ ಬಗ್ಗೆ ಏನೋ ಹೇಳಿ ಎರರ್ ಕೊಡುತ್ತೆ. – ಉಡುಪಿಯ ಓದುಗರು

ಉತ್ತರ: ಎಮ್ಯಾಕ್ಸ್ ಎಡಿಟರ್ ಒಳಗಿಂದ ಲಿಸ್ಪ್ ಜೊತೆ ಮಾತಾಡಿಸೋ ಸ್ಲೈಮ್ ತನ್ನ ಕೆಲಸಕ್ಕೆ ಹಿಂದೆ ಥ್ರೆಡ್‌ಗಳನ್ನ ಓಡಿಸ್ತಾ ಇರುತ್ತೆ, ಒಂದಕ್ಕಿಂತ ಜಾಸ್ತಿ ಥ್ರೆಡ್ ಜೀವಂತ ಇದ್ರೆ ಎಸ್‌ಬಿಸಿಎಲ್ ಇಮೇಜ್ ಬರೆಯಲ್ಲ. ಸೇವ್ ಆಗಿದ್ರೂ ಹೆಸರಲ್ಲೇ ಇರೋ ಹಾಗೆ ಲಿಸ್ಪ್ ಸಾಯ್ತಿತ್ತು, ನಿಮ್ಮ ಸೆಷನ್ನೂ ಜೊತೆಗೆ ಹೋಗ್ತಿತ್ತು. ಬಿಲ್ಡ್ ಸಾಲುಗಳನ್ನ ಬಿಲ್ಡ್.ಲಿಸ್ಪ್ ಅಂತ ಬೇರೆ ಫೈಲಲ್ಲಿ ಹಾಕಿ, ಟರ್ಮಿನಲ್‌ನಿಂದ ಎಸ್‌ಬಿಸಿಎಲ್ --ನಾನ್-ಇಂಟರಾಕ್ಟಿವ್ --ಲೋಡ್ ಬಿಲ್ಡ್.ಲಿಸ್ಪ್ ಅಂತ ಓಡಿಸಿ. ಮೈಸೂರಿನ ಹುಡುಗಿಯ ಉತ್ತರ ಓದಿದ್ದೀರಲ್ಲ, ಆ --ಲೋಡ್ ಎಲ್ಲಿಗೆ ಹೋಗಿ ಕೂರಬಾರದು ಅಂತ ನಿಮಗೀಗ ಗೊತ್ತು.